ಬೆತ್ಲೆಹೇಮಿನ ದಾರಿಗೆ ಶಟರ್ ಮೋಟರ್

ಈ ವರ್ಷದ ಕ್ರಿಸ್‌ಮಸ್ ನಾಟಕದಲ್ಲಿ ಬೆತ್ಲೆಹೇಮ್ ಊರನ್ನು ನಾನೇ ನಡೆಸಿ ತೋರಿಸುತ್ತೇನೆ ಎಂದು ನವೆಂಬರ್ ತಿಂಗಳ ಒಂದು ಭಾನುವಾರ, ಊಟದ ತಟ್ಟೆಯ ಮುಂದೆ ಕೂತು, ಎಡಗೈ ಎತ್ತಿ ಘೋಷಿಸಿದೆ. ಬಲಗೈಯಲ್ಲಿ ರೊಟ್ಟಿ ಇತ್ತು.

ನಾನು ಮನ್ಸೂರಅಲಿ. ಶಹಾಪುರದಲ್ಲಿ ಶಟರ್, ಗೇಟು, ಗ್ರಿಲ್ ಮಾಡುವವನು. ಬೆಳಿಗ್ಗೆ ಬಜಾರದಲ್ಲಿ ಗರ್‍ರನೆ ಮೇಲೇಳುವ ಪ್ರತಿ ಎರಡನೇ ಶಟರ್ ನನ್ನದು. ಕಬ್ಬಿಣದ ಕೊಕ್ಕೆ ಹಾಕಿ ಎಳೆಯುವ ಕಾಲವನ್ನು ಮುಗಿಸಿ, ಬಟನ್ ಒತ್ತಿದರೆ ಏಳುವ, ಬಟನ್ ಒತ್ತಿದರೆ ಇಳಿಯುವ ಮೋಟರ್ ಶಟರನ್ನು ಈ ಊರಿಗೆ ತಂದ ಮಹಾಪುರುಷ ನಾನೇ! ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಬೇರೆ ಯಾರೂ ಹೇಳುವುದಿಲ್ಲವಲ್ಲ!

ನನ್ನ ಹೆಂಡತಿ ಅರ್ಜುಮಂದ ಚರ್ಚಿನ ಶಾಲೆಯಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಇದು ಅವಳೇ ಮಾಡಿದ ಕಾಯಿದೆ. ದಖನಿಯಲ್ಲಿ ಬೈದರೆ ನಾನು ನಗುತ್ತೇನಂತೆ. ಕನ್ನಡದಲ್ಲಾದರೆ ಒಂದೊಂದು ಒತ್ತಕ್ಷರವೂ ಎದೆಗೆ ನಾಟುತ್ತದಂತೆ. ನಾನು ಸಿಟ್ಟಿನ ಮನುಷ್ಯ. ಅವಳೂ ಕಡಿಮೆಯಿಲ್ಲ. ಹೀಗಾಗಿ ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಕನ್ನಡ ಬಹಳ ಸುಧಾರಿಸಿದೆ.

ಈ ಸಲ ನಾಟಕದ ಪೂರ್ತಿ ಜವಾಬ್ದಾರಿಯನ್ನು ಮೊದಲ ಬಾರಿಗೆ ಅವಳಿಗೆ ಕೊಟ್ಟಿದ್ದರು. ನಲವತ್ತು ಮಕ್ಕಳ ನಾಟಕ. ಮಾತು, ಹಾಡು ಎಲ್ಲ ಅವಳೇ ಬರೆದಿದ್ದಳು.

"ಚಾಂದಪಾಶಾಗ ಫೋನ್ ಮಾಡೀನಿ. ಅವನ ಎಲ್‌ಇಡಿ ವಾಲ್ ತರ್ತಾನ. ಹಿಂದ ನಿಲ್ಲಿಸಿದ್ರ ಆತು," ಅಂದಳು.

ಚಾಂದಪಾಶಾ ಅವಳ ತಮ್ಮ. ಯಾದಗಿರಿಯಲ್ಲಿ ಮದುವೆ, ಉರುಸು, ಸಭೆ-ಸಮಾರಂಭಗಳಿಗೆ ದೊಡ್ಡ ವಿಡಿಯೋ ಪರದೆ ಕೊಡುವ ಧಂದೆ ಅವನದು. ಬಹಳ ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೇ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ನಿಂತ ಪರದಿ ಯಾರ ನೋಡ್ತಾರ? ಮನಿಯಾಗ ಟಿವಿ ಇಲ್ಲೇನು?" ಎಂದು ಗುಡುಗಿದೆ. "ನನ್ನ ಪರದಿ ನಡೀತಾವ! ಮೂರು ಪರದಿ, ಮೂರೂ ಗಾಲಿ ಮ್ಯಾಲೆ. ಮರಿಯ, ಯೋಸೇಫ ನಡಕೊಂತ ಬಂದ್ರ ಮೂರೂ ಬಂದು ಕೂಡ್ತಾವ, ಒಂದೇ ದಾರಿ ಆಗ್ತದ. ಛತ್ರದವ ಜಾಗ ಇಲ್ಲ ಅಂದ ಅಂದ್ರ ಬಾಗಿಲಿನಂಗ ಮುಚ್ಚಕೋತಾವ. ಒಂದು ಬಟನ್ ಒತ್ತಿದ್ರ ಸಾಕು!"

"ಅಜೀ, ಇದು ಮಕ್ಕಳ ನಾಟಕ. ನನಗ ಮೊದಲ ಸಲ ಕೊಟ್ಟಾರ. ನಿಮ್ಮ ಹುಚ್ಚಾಟಕ್ಕ ಇದು ಜಾಗ ಅಲ್ಲ."

"ನನ್ನ ಕೆಲಸದ ಮ್ಯಾಲೆ ಭರೋಸಾ ಇಲ್ಲೇನು ನಿನಗ?"

"ಕೆಲಸದ ಮ್ಯಾಲೆ ಅದ. ನಿಮ್ಮ ಮ್ಯಾಲೆ ಇಲ್ಲ."

ಇಂಥ ಮಾತು ಕೇಳಿ ಯಾವ ಗಂಡಸು ಸುಮ್ಮನಿರುತ್ತಾನೆ? ಕೈ ತೊಳೆದವನೇ ಸೀದಾ ಚರ್ಚಿಗೆ ಹೋಗಿ ಪಾಸ್ಟರ್ ಪ್ರಭುದಾಸರ ಮುಂದೆ ನಿಂತೆ. ಯಾವ ಮಾತಿಗೂ ಮುಗುಳ್ನಗುವ ಸ್ವಭಾವ ಅವರದು. ನಾನು ಪೇಪರಿನ ಮೇಲೆ ಗೀಚಿದ ನಕ್ಷೆಯನ್ನು ಉಲ್ಟಾ ಹಿಡಿದುಕೊಂಡೇ ನೋಡಿ, "ಮಾಡ್ರಿ ಮನ್ಸೂರಭಾಯಿ, ದೇವರು ನಿಮ್ಮ ಕೈಗೆ ಬಲ ಕೊಡ್ಲಿ," ಎಂದರು. ದೇವರು ಬಲ ಕೊಟ್ಟ. ಬುದ್ಧಿ ಕೇಳುವುದನ್ನು ಇಬ್ಬರೂ ಮರೆತಿದ್ದೆವು!

ಅರ್ಜುಮಂದ ಎರಡು ವಾರ ನನ್ನೊಡನೆ ಬರೀ ಕನ್ನಡದಲ್ಲೇ ಮಾತಾಡಿದಳು.

ನಾನು ಹಟಕ್ಕೆ ಬಿದ್ದೆ. ಆಳೆತ್ತರದ ಮೂರು ಕಬ್ಬಿಣದ ಚೌಕಟ್ಟು ಬೆಸೆದೆ. ಚಾಂದಪಾಶಾನ ಪರದೆಯನ್ನು ಮೂರು ಭಾಗ ಮಾಡಿ ಅವುಗಳಿಗೆ ಕೂಡಿಸುವುದು, ಅಡಿಯಲ್ಲಿ ಗಾಲಿ, ಗಾಲಿಗೆ ಹಳಿ, ಎಳೆಯಲು ಚೈನು, ಚೈನಿಗೆ ಶಟರ್ ಮೋಟರ್. ಅದ್ಭುತ ಯೋಜನೆ! ಆದರೆ ಹೈದರಾಬಾದಿನಿಂದ ಬರಬೇಕಾದ ಗಾಲಿ, ಹಳಿ ಬರಲಿಲ್ಲ. ಫೋನ್ ಮಾಡಿದರೆ "ಹೊಂಟಾವ" ಅಂದರು. ಮರುದಿನವೂ "ಹೊಂಟಾವ." ಮೂರನೆಯ ದಿನ ನಾನು ಫೋನಿನಲ್ಲಿ ಕಿರುಚಿದ ಸದ್ದಿಗೆ ಪಕ್ಕದ ಪಂಕ್ಚರ್ ಅಂಗಡಿಯವನು ಓಡಿಬಂದ. ನಾಟಕಕ್ಕೆ ಐದೇ ದಿನ ಉಳಿದಿತ್ತು. ನನ್ನ ಕಣ್ಣು ಮನೆಯ ಗೇಟಿನ ಮೇಲೆ ಬಿತ್ತು.

ನಮ್ಮ ಮನೆ ಇರುವುದು ಸಗರದ ದಾರಿಗೆ, ಊರಿನ ಅಂಚಿನಲ್ಲಿ. ಅದರ ಗೇಟು ಪಕ್ಕಕ್ಕೆ ಸರಿಯುವಂಥದ್ದು. ಅಂದರೆ ಗಾಲಿಯೂ ಅದರಲ್ಲೇ, ಹಳಿಯೂ ಅದರಲ್ಲೇ! ಅರ್ಜುಮಂದ ಶಾಲೆಗೆ ಹೋದ ಮೇಲೆ ಗೇಟನ್ನು ಬಿಚ್ಚಿ ಗೋಡೆಗೆ ಒರಗಿಸಿದೆ. ಗಾಲಿ, ಹಳಿ ಕಿತ್ತುಕೊಂಡು ವರ್ಕ್‌ಶಾಪಿಗೆ ಹೋದೆ. ಎಂಟು ದೇವದೂತರ ಹದಿನಾರು ರೆಕ್ಕೆಗಳನ್ನು ಅವಳು ಡ್ರಾಯಿಂಗ್ ಹಾಳೆಯಲ್ಲಿ ಕತ್ತರಿಸಿ, ಮೈದಾ ಅಂಟು ಹಚ್ಚಿ ಅಂಗಳದಲ್ಲಿ ಒಣಗಲು ಹರಡಿದ್ದನ್ನು ನಾನು ನೋಡಿರಲಿಲ್ಲ ಎಂದಲ್ಲ. ನೋಡಿದ್ದೆ. ದಾಟಿಕೊಂಡೇ ಹೋದೆ.

ಸಂಜೆ ಬಂದರೆ ಅಂಗಳದ ತುಂಬ ಕುರಿಗಳು! ಸಗರದ ಬೀರಣ್ಣನ ಹಿಂಡು. ಒಂದು ಮರಿ ಕೊನೆಯ ರೆಕ್ಕೆಯನ್ನು ಬಾಯಲ್ಲಿ ಹಿಡಿದು, ಈಗಷ್ಟೇ ಸ್ವರ್ಗದಿಂದ ಇಳಿದಂತೆ ನನ್ನನ್ನೇ ನೋಡುತ್ತಿತ್ತು.

"ಬೀರಣ್ಣಾ! ಕಣ್ಣ ಕಾಣಲ್ಲೇನು? ದೇವದೂತರ ರೆಕ್ಕಿ ತಿಂದಾವ ನಿನ್ನ ಕುರಿ!"

"ಗೇಟ ತೆರದಿತ್ತಲ್ರಿ."

"ತೆರದಿರಲಿಲ್ಲೋ! ಗೇಟೇ ಇರಲಿಲ್ಲ!"

"ಮತ್ತ ಅದು ಕುರಿಗೆ ಹ್ಯಾಂಗ ಗೊತ್ತಾಗಬೇಕ್ರಿ? ನನಗೇ ಗೊತ್ತಾಗ್ಲಿಲ್ಲ," ಎಂದು ಬೀರಣ್ಣ ಹಿಂಡನ್ನು ಹೊರಗೆ ಹೊಡೆದುಕೊಂಡು ಹೋದ. ಅವನ ಮೇಲೆ ಎಗರಾಡಲು ಇನ್ನೂ ಎಷ್ಟೋ ಮಾತು ಉಳಿದಿತ್ತು. ಅಷ್ಟರಲ್ಲಿ ಅರ್ಜುಮಂದ ಶಾಲೆಯಿಂದ ಬಂದಳು.

"ಮನಿ ಗೇಟ ಎಲ್ಲಿ?"

"ಬೆತ್ಲೆಹೇಮಿಗೆ ಹೋಗ್ಯದ."

"ನೀವೂ ಹೋಗ್ರಿ," ಅಂದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು! ಸುಮ್ಮನೆ ಕೂತು ಹೊಸ ಹಾಳೆ ತೆಗೆದು ಮೊದಲ ರೆಕ್ಕೆ ಕತ್ತರಿಸತೊಡಗಿದಳು. ಆ ಕತ್ತರಿಯ ಕಚ್ ಕಚ್ ಸದ್ದು ಯಾವ ಬೈಗುಳಕ್ಕಿಂತಲೂ ಕೆಟ್ಟದಾಗಿತ್ತು.

ಡಿಸೆಂಬರ್ ಇಪ್ಪತ್ತಮೂರು. ಸಂಜೆ ಆರಕ್ಕೆ ನಾಟಕ. ಚರ್ಚಿನ ಅಂಗಳ ಇರುವುದು ಬಜಾರದ ರಸ್ತೆಗೇ. ಎದುರಿಗೆ ಅಂಬಣ್ಣ ಸಾವ್ಕಾರರ ಬಟ್ಟೆ ಅಂಗಡಿ. ಮಧ್ಯಾಹ್ನದ ಹೊತ್ತಿಗೆ ವೇದಿಕೆಯ ಮೇಲೆ ಹಳಿ ಹಾಸಿದೆ, ಚೌಕಟ್ಟು ನಿಲ್ಲಿಸಿದೆ. ಚಾಂದಪಾಶಾ ಯಾದಗಿರಿಯಿಂದ ಗಾಡಿಯಲ್ಲಿ ಪರದೆ ತಂದು, ಒಂದೊಂದೇ ತುಂಡು ಕೂಡಿಸಿ, ಬದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ.

"ದುಲ್ಹಾಭಾಯ್, ಒಮ್ಮೆ ನಡಸಿ ನೋಡೂಣೇನ್ರಿ?" ಅಂದ. ಅಕ್ಕನ ಗಂಡನನ್ನು ನಮ್ಮಲ್ಲಿ ಕರೆಯುವುದು ಹಾಗೇ.

"ಕರೆಂಟ್ ಇಲ್ಲ."

"ಐದಕ್ಕ ಬರ್ತದಂತ. ಬಂದ ಮ್ಯಾಲೆ ಒಂದು ರಿಹರ್ಸಲ್ ಮಾಡೂಣು," ಅಂದಳು ಅರ್ಜುಮಂದ.

"ನನ್ನ ಕೆಲಸಕ್ಕ ರಿಹರ್ಸಲ್ ಬೇಕಾಗಿಲ್ಲ! ಇಡೀ ಬಜಾರ ದಿನಾ ರಿಹರ್ಸಲ್ ಮಾಡ್ತದ!" ಎಂದು ಎದೆ ಉಬ್ಬಿಸಿ ಚಹಾಕ್ಕೆ ಹೋದೆ.

ಆರು ಗಂಟೆಗೆ ಅಂಗಳ ತುಂಬಿತ್ತು. ಚರ್ಚಿನವರಷ್ಟೇ ಅಲ್ಲ, ಮಕ್ಕಳ ತಂದೆ-ತಾಯಿ, ಅಂಗಡಿ ಮುಚ್ಚಿ ಬಂದ ಬಜಾರದ ಅರ್ಧ ವ್ಯಾಪಾರಸ್ಥರು, ಸುರಪುರದಿಂದ ಬಂದ ನೆಂಟರು. ಚಾಂದಪಾಶಾನ ಪಕ್ಕದಲ್ಲೇ ನಾನು ರಿಮೋಟ್ ಹಿಡಿದು ಪಟ್ಟಾಭಿಷೇಕಕ್ಕೆ ಕೂತ ಸುಲ್ತಾನನಂತೆ ಕೂತೆ. ನಮ್ಮ ನಡುವೆ ಒಂದು ಮೈಕು. ದೇವದೂತನ ಮಾತನ್ನು ಮರೆಯಿಂದ ಹೇಳಲಿಕ್ಕೆ ಇಟ್ಟದ್ದು.

ಒಂಬತ್ತನೇ ತರಗತಿಯ ಪವಿತ್ರಾ ಮರಿಯಳಾಗಿ ಬಂದಳು. ಹಿಂದೆ ಗಂಟು ಹೊತ್ತ ಯೋಸೇಫ. ಹಾಡು ಶುರುವಾಯಿತು. ನಾನು 'ಮುಚ್ಚು' ಬಟನ್ ಒತ್ತಿದೆ. ಆಹಾ! ಮೂರು ಪರದೆಗಳೂ ಆನೆ ನಡಿಗೆಯಲ್ಲಿ ಬಂದು ಕೂಡಿಕೊಂಡವು. ಒಂದರ ಬೆಟ್ಟ ಇನ್ನೊಂದರ ಬೆಟ್ಟಕ್ಕೆ ಕೂಡಿತು, ದಾರಿ ದಾರಿಗೆ ಕೂಡಿತು. ಜನ ಚಪ್ಪಾಳೆ ಹೊಡೆದರು! ನಾನು ಎದ್ದು ನಿಂತು ಸಲಾಮು ಮಾಡಬೇಕೆನ್ನುವಷ್ಟರಲ್ಲಿ...

ಪರದೆಗಳು ತಾವಾಗಿಯೇ ದೂರ ಸರಿದವು.

ಬೆತ್ಲೆಹೇಮಿನ ದಾರಿ ಹರಿದು ತುಂಡಾಯಿತು! ಮರಿಯ ಈ ಕಡೆ, ಯೋಸೇಫ ಆ ಕಡೆ. ಸಂದಿಯಲ್ಲಿ ವೇದಿಕೆಯ ಹಿಂದಿನ ಬೇವಿನ ಮರ. ನಾನು ಮತ್ತೆ ಒತ್ತಿದೆ. ಕೂಡಿದವು. ನಾಲ್ಕು ಉಸಿರು ಬಿಡುವಷ್ಟರಲ್ಲಿ ಮತ್ತೆ ಸರಿದವು. ಒತ್ತಿದೆ. ಸರಿದವು. ಒತ್ತಿದೆ! ಸರಿದವು! ತೆರೆ ಅಂದರೆ ಮುಚ್ಚುತ್ತದೆ, ಮುಚ್ಚು ಅಂದರೆ ತೆರೆಯುತ್ತದೆ; ಇದೆಂಥಾ ತೆರೆಯಪ್ಪಾ! ನನ್ನ ಹಣೆಯ ನರ ಸುತಲಿ ದಾರದಂತೆ ಉಬ್ಬಿತು.

ಅಷ್ಟರಲ್ಲಿ ಛತ್ರದ ದೃಶ್ಯ ಬಂತು. ಛತ್ರದ ಯಜಮಾನ ನಮ್ಮ ಪಿ.ಟಿ. ಮಾಸ್ತರ ಭೀಮಾಶಂಕರ. ಗಂಟಲು ನಗಾರಿ, ಮೀಸೆ ಎರಡೂ ಕಿವಿಗೆ ಮುಟ್ಟುವಂಥದ್ದು. ಯೋಸೇಫ ಬೇಡಿಕೊಂಡ: "ಅಯ್ಯಾ, ಒಂದು ರಾತ್ರಿ ಜಾಗ ಕೊಡಿ." ಭೀಮಾಶಂಕರ ಗರ್ಜಿಸಿದ: "ಜಾಗ ಇಲ್ಲ! ಈ ಬಾಗಿಲು ನಿಮಗೆ ಮುಚ್ಚಿದೆ!"

ಹಿಂದೆ ಬಾಗಿಲು ಭರ್ರನೆ ತೆರೆದುಕೊಂಡಿತು.

"ಅದ ಅಲ್ಲೋ ಮಾಸ್ತರ್, ಬೇಕಾದಷ್ಟು ಜಾಗ ಅದ!" ಎಂದು ಜನರ ನಡುವಿನಿಂದ ಯಾರೋ ಕೂಗಿದರು. "ಹೋಗ್ರಿ ಒಳಗ, ಅವನ ಮಾತ ಕೇಳಬ್ಯಾಡ್ರಿ!" ಎಂದಳು ಒಬ್ಬ ಅಜ್ಜಿ. ಅಂಗಳವೆಲ್ಲ ನಗೆ. ಭೀಮಾಶಂಕರ ತಿರುಗಿ ನೋಡಿ, ಇನ್ನೂ ಜೋರಾಗಿ "ಮುಚ್ಚಿದೆ!" ಅಂದ. ಪಾಪ, ಪವಿತ್ರಾ ಅಳುವುದೋ ಒಳಗೆ ಹೋಗುವುದೋ ತಿಳಿಯದೆ ನಿಂತಳು.

ನನ್ನ ಎದೆಯಲ್ಲಿ ಬೆಂಕಿ ಎದ್ದಿತು. ಯಾರ ಕೈವಾಡ ಇದು? ಪಕ್ಕಕ್ಕೆ ತಿರುಗಿದೆ. ಚಾಂದಪಾಶಾನ ಬೆರಳು ಲ್ಯಾಪ್‌ಟಾಪಿನ ಮೇಲಿತ್ತು. ಸಿಕ್ಕ ಕಳ್ಳ! ಅವನ ಕೊರಳಪಟ್ಟಿ ಹಿಡಿದೆ.

"ಲೇ ಚಾಂದ್! ನೀನೇ ಮಾಡಾಕತ್ತೀ! ನನ್ನ ಮರ್ಯಾದಿ ಕಳೀಬೇಕಂತ ಬಂದೀ! ಎದ್ದು ನಿಲ್ಲೋ ಹೊಟ್ಟಿಕಿಚ್ಚಿನ ಮುಸುಡಿಯವನೇ!"

ಮೈಕು ಚಾಲೂ ಇತ್ತು.

ನನ್ನ ದನಿ ನಾಲ್ಕು ಸ್ಪೀಕರಿನಿಂದ ಆಕಾಶವಾಣಿಯಂತೆ ಮೊಳಗಿತು. ಮರೆಯಿಂದ ದನಿ ಬಂದ ಕೂಡಲೇ ನೆಲಕ್ಕೆ ಬೀಳಬೇಕು ಎಂದು ಅರ್ಜುಮಂದ ಕುರುಬರ ಪಾತ್ರದ ಮಕ್ಕಳಿಗೆ ತಿಂಗಳಿಡೀ ಕಲಿಸಿದ್ದಳು. ಬದಿಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಐದೂ ಕುರುಬರು ಧಡಲ್ಲನೆ ಬೋರಲು ಬಿದ್ದರು.

"ದುಲ್ಹಾಭಾಯ್, ನಾ ಬರೇ ಚಿತ್ರ ಬದಲಾಸಾಕತ್ತೀನ್ರಿ," ಅಂದ ಚಾಂದಪಾಶಾ. ಅದೂ ಊರಿಗೆಲ್ಲ ಕೇಳಿಸಿತು. ಅವನ ಕಣ್ಣು ತುಂಬಿತ್ತು. ನಾನು ಕೊರಳಪಟ್ಟಿ ಬಿಡಲಿಲ್ಲ.

ಆಗ ಜನರನ್ನು ಸೀಳಿಕೊಂಡು, ಬಟ್ಟೆ ಅಳೆಯುವ ಕಬ್ಬಿಣದ ಗಜವನ್ನು ಗದೆಯಂತೆ ಎತ್ತಿಕೊಂಡು ಅಂಬಣ್ಣ ಸಾವ್ಕಾರರು ಬಂದರು.

"ಲೇ ಮನ್ಸೂರಾ! ನನ್ನ ಶಟರಿಗೆ ದೆವ್ವ ಹೊಕ್ಕದೇನು? ತಾನೇ ಇಳೀತದ! ಏರಿಸಿದ್ರ ಮತ್ತ ಇಳೀತದ! ಒಳಗ ಆರು ಮಂದಿ ಹೆಣ್ಮಕ್ಕಳು ಸಿಕ್ಕೊಂಡಾರ, ಒಬ್ಬಾಕಿ ಸೆರಗು ಶಟರಿನ್ಯಾಗ ಅದ! ಎಷ್ಟು ಸಲ ಒತ್ತಲೋ? ನೋಡು, ಹಿಂಗ ಒತ್ತತೀನಿ..."

ಎಂದು ಜೇಬಿನಿಂದ ರಿಮೋಟ್ ತೆಗೆದು ನನ್ನ ಮೂಗಿಗೆ ಹಿಡಿದು ಒತ್ತಿದರು.

ಅವರ ಅಂಗಡಿಯ ಶಟರ್ ಗರ್‍ರನೆ ಮೇಲೆದ್ದಿತು. ವೇದಿಕೆಯ ಮೇಲಿನ ಪರದೆಗಳು ಭರ್ರನೆ ದೂರ ಸರಿದವು.

ಚಾಂದಪಾಶಾ ನನ್ನ ಕೈಯಿಂದ ಮೆಲ್ಲಗೆ ಕೊರಳು ಬಿಡಿಸಿಕೊಂಡು, ಎರಡೂ ರಿಮೋಟುಗಳನ್ನು ನೋಡಿದ.

"ದುಲ್ಹಾಭಾಯ್... ಎರಡಕ್ಕೂ ಒಂದೇ ಕೋಡ್ ಇಟ್ಟೀರೇನ್ರಿ?"

"ಎರಡಕ್ಕಲ್ಲ," ಅಂದೆ. ನನ್ನ ದನಿ ಸಣ್ಣದಾಗಿತ್ತು. "ಎಲ್ಲದಕ್ಕೂ."

ಎಷ್ಟೇ ಸಣ್ಣ ದನಿಯಾದರೂ ಮೈಕಿಗೆ ಏನು ಗೊತ್ತು!

ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಮೋಟರಿನ ಡಬ್ಬಿಯೊಳಗೆ ಒಂದು ಪುಟ್ಟ ಬಟನ್ ಇರುತ್ತದೆ. ಅದನ್ನು ಒತ್ತಿ ಪ್ರತಿ ಅಂಗಡಿಗೂ ಬೇರೆ ಬೇರೆ ಕೋಡ್ ಹಾಕಬೇಕು. ಇದು ಐದು ನಿಮಿಷದ ಕೆಲಸ. ಆ ಐದು ನಿಮಿಷ ಉಳಿಸಲು ನಾನು ಎಲ್ಲ ಶಟರ್‌ಗಳಿಗೂ ಕಂಪನಿಯಿಂದ ಬಂದ ಒಂದೇ ಕೋಡನ್ನು ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ತೆರೆಯುತ್ತಾರೆ, ಸಂಜೆ ಒಂದೇ ಹೊತ್ತಿಗೆ ಮುಚ್ಚುತ್ತಾರೆ. ಹೀಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಪರದೆಯ ಮೋಟರೂ ಅದೇ ಪೆಟ್ಟಿಗೆಯದು. ನಾನು ಬೆತ್ಲೆಹೇಮನ್ನು ಕೂಡಿಸಿದಾಗಲೆಲ್ಲ ಅಂಬಣ್ಣನ ಶಟರ್ ಇಳಿದಿದೆ. ಅವರು ಶಟರ್ ಏರಿಸಿದಾಗಲೆಲ್ಲ ಬೆತ್ಲೆಹೇಮ್ ಹರಿದಿದೆ!

ಜನರ ನಡುವಿದ್ದ ವ್ಯಾಪಾರಸ್ಥರು ಒಬ್ಬೊಬ್ಬರಾಗಿ ಎದ್ದರು. ಬಂಗಾರದಂಗಡಿಯವರು ಕಿರಾಣಿ ಅಂಗಡಿಯವರ ಮುಖ ನೋಡಿದರು. ಕಿರಾಣಿಯವರು ಚಪ್ಪಲಿ ಅಂಗಡಿಯವರ ಮುಖ ನೋಡಿದರು. "ಅಂದ್ರ ನನ್ನ ಅಂಗಡಿ ಇವ ತೆರೀಬಹುದೇನು?" ಎಂದರು ಒಬ್ಬರು. ನೋಡೇ ಬಿಡೋಣವೆಂದು ಹತ್ತು ಮಂದಿ ಹತ್ತು ರಿಮೋಟ್ ಒತ್ತಿದರು! ರಸ್ತೆಯಲ್ಲಿ ಗರ್‍ರ್, ಧಡ್, ಗರ್‍ರ್. ವೇದಿಕೆಯ ಮೇಲೆ ಪರದೆಗಳು ಹುಚ್ಚು ಹಿಡಿದಂತೆ ಹಿಂದೆ ಮುಂದೆ. ಅರ್ಧ ಬಜಾರ ನನ್ನ ವಂಶಕ್ಕೆಲ್ಲ ಬೈಯುತ್ತ ಅಂಗಡಿ ಕಾಯಲು ಓಡಿತು.

ಆ ಗದ್ದಲದಲ್ಲಿ ಅರ್ಜುಮಂದ ವೇದಿಕೆಯಿಂದ ಇಳಿದು ಬಂದಳು. ಬಗ್ಗಿ ಮೋಟರಿನ ವೈರು ಹಿಡಿದು ಒಂದೇ ಏಟಿಗೆ ಕಿತ್ತಳು. ಪರದೆಗಳು ನಿಂತವು. ನನ್ನ ಕಡೆ ತಿರುಗಿದಳು. ಅವಳ ಮೂಗಿನ ಹೊಳ್ಳೆ ನಡುಗುತ್ತಿತ್ತು.

"ಮೈಕ್ ಬಂದ್ ಮಾಡ್ರಿ. ಬಾಯಿ ಬಂದ್ ಮಾಡ್ರಿ. ಹಿಂದ ಹೋಗಿ ದೂಡ್ರಿ."

"ನಾ ಒಬ್ಬನೇ ಹ್ಯಾಂಗ..."

"ಚಾಂದ್, ನೀನೂ ಹೋಗು. ಮಾಸ್ತರ್ರೆ, ನಿಮ್ಮ ಮಾತು ಮುಗಿಸಿ ನೀವೂ. ಅಂಬಣ್ಣ ಸಾವ್ಕಾರ್ರೆ, ಹೆಣ್ಮಕ್ಕಳನ್ನ ಹೊರಗ ಬಿಟ್ಟು ಬಂದು ನೀವೂ ಒಂದು ಕೈ ಹಚ್ಚರಿ. ಪವಿತ್ರಾ! ಅಳಬ್ಯಾಡವ್ವ. ಛತ್ರದಿಂದ ಶುರು ಮಾಡು."

ಅಂಬಣ್ಣ ಸಾವ್ಕಾರರಂಥ ಸಾವ್ಕಾರರು ಗಜ ಕೆಳಗಿಟ್ಟು "ಹೂನ್ರಿ ಟೀಚರ್ರೆ" ಅಂದುಬಿಟ್ಟರು!

ಒಂದು ಪರದೆಗೆ ಭೀಮಾಶಂಕರ, ಒಂದಕ್ಕೆ ಅಂಬಣ್ಣ, ನಡುವಿನದಕ್ಕೆ ನಾನು, ಚಾಂದಪಾಶಾ. ಬೆನ್ನು ಬಗ್ಗಿಸಿ, ಜನರಿಗೆ ಕಾಣದಂತೆ, ನನ್ನದೇ ಮನೆಯ ಗೇಟಿನ ಗಾಲಿಗಳನ್ನು ನಾನೇ ದೂಡಿದೆ. ಬದಿಯಿಂದ ಅರ್ಜುಮಂದ ಕೈ ಎತ್ತಿದರೆ ದೂಡುವುದು, ಇಳಿಸಿದರೆ ನಿಲ್ಲುವುದು.

"ಮೆಲ್ಲಕ, ದುಲ್ಹಾಭಾಯ್. ಮುಂದ ಮಕ್ಕಳ ಕಾಲು ಅದಾವ," ಎಂದು ಚಾಂದಪಾಶಾ ಪಿಸುಗುಟ್ಟಿದ. ಕೊರಳಪಟ್ಟಿಯ ಗುಂಡಿ ಕಿತ್ತುಹೋಗಿತ್ತು. ನನಗೆ ಅವನ ಮುಖ ನೋಡಲಾಗಲಿಲ್ಲ.

ಸಂದಿಯಿಂದ ಇಣುಕಿದೆ. ಕುರುಬರು ಎದ್ದು ನಿಂತಿದ್ದರು. ದೇವದೂತರು ಬಂದರು, ಎಂಟೂ ಜನ, ಹದಿನಾರೂ ರೆಕ್ಕೆ. ಅರ್ಜುಮಂದ ಬದಿಯ ಕತ್ತಲಲ್ಲಿ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಮರಿಯಳ ಮಾತಿಗೆ ಮರಿಯಳ ಮಾತು, ಕುರುಬನ ಮಾತಿಗೆ ಕುರುಬನ ಮಾತು. ನಲವತ್ತು ಮಕ್ಕಳ ಒಂದೊಂದು ಮಾತನ್ನೂ ಅವರೊಡನೆ ಸದ್ದಿಲ್ಲದೆ ಹೇಳುತ್ತಿದ್ದಳು. ಒಂದು ತಿಂಗಳು ಒಂದೇ ಮನೆಯಲ್ಲಿದ್ದೆ. ಅವಳು ಏನು ಬರೆದಿದ್ದಾಳೆಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಕ್ಷತ್ರ ಬೆತ್ಲೆಹೇಮಿನ ಮೇಲೆ ನಿಲ್ಲಬೇಕಾದ ಜಾಗಕ್ಕೆ ಬಂದಾಗ ಅವಳು ಕೈ ಇಳಿಸಿದಳು. ನಾವು ನಿಂತೆವು. ಓಡಿಹೋಗದೆ ಉಳಿದಿದ್ದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನಾಟಕ ಮುಗಿದ ಮೇಲೆ ಅವಳು ಮೈಕನ್ನು ತಂದು ನನ್ನ ಕೈಗಿಟ್ಟಳು.

"ಮೈಕಿನ್ಯಾಗ ಬೈದೀರಿ. ಮೈಕಿನ್ಯಾಗೇ ಮಾಫಿ ಕೇಳ್ರಿ."

ಕೇಳಿದೆ. ಊರ ಮುಂದೆ, ನಾಲ್ಕು ಸ್ಪೀಕರಿನಲ್ಲಿ, ಹೆಂಡತಿಯ ತಮ್ಮನ ಹತ್ತಿರ! "ತಪ್ಪು ನಂದು, ಚಾಂದ್. ಮಾಫ್ ಮಾಡು," ಅಂದೆ. ಅವನು ನಾಚಿಕೊಂಡು, "ಇರ್ಲಿ ಬಿಡ್ರಿ ದುಲ್ಹಾಭಾಯ್, ನಾಳೆ ಕೋಡ್ ಬದಲಾಸಾಕ ನಾನೂ ಬರ್ತೀನಿ," ಅಂದ. ಎಷ್ಟು ಒಳ್ಳೆಯವನು ನೋಡಿ! ಇದೇ ನನಗೆ ತಡೆಯಲಾಗುವುದಿಲ್ಲ.

ಮರುದಿನ ಬೆಳಿಗ್ಗೆಯಿಂದ ಅಂಗಡಿ ಅಂಗಡಿಗೆ ಏಣಿ ಹೊತ್ತುಕೊಂಡು ತಿರುಗಿದೆ. ಪ್ರತಿ ಬಾಗಿಲಲ್ಲೂ ಹೊಸ ಬೈಗುಳ. ಕೆಳಗೆ ಚಾಂದಪಾಶಾ ಕೋಡ್ ಕೂಡಿಸುವ ರೀತಿ ಹೇಳಿಕೊಡುತ್ತಿದ್ದ, ಮೇಲೆ ನಾನು ವಿದ್ಯಾರ್ಥಿಯಂತೆ "ಹೂಂ, ಹೂಂ" ಅನ್ನುತ್ತಿದ್ದೆ. ಅಂಬಣ್ಣ ಸಾವ್ಕಾರರ ಏಣಿಯ ಮೇಲಿದ್ದಾಗ ಪಾಸ್ಟರ್ ಪ್ರಭುದಾಸರು ಅದೇ ಮುಗುಳ್ನಗೆಯಲ್ಲಿ ಬಂದು, "ನಾಟಕ ಭಾಳ ಛಲೋ ಆತ್ರಿ. ಟೀಚರಮ್ಮನವರಿಗೆ ನಮ್ಮ ವಂದನಿ ಹೇಳ್ರಿ," ಎಂದರು.

ನನ್ನ ಹೆಸರೇ ಇಲ್ಲ! ಎಲ್ಲಿಯೋ ಅಡಗಿದ್ದ ಮಹಾಪುರುಷ ಮತ್ತೆ ಎದ್ದು ಕೂತ.

"ಪಾಸ್ಟರ್ ಸಾಹೇಬ್ರೆ, ಈ ಸಲ ಒಂದೀಟು ಹಿಂದಮುಂದ ಆತು. ನನಗ ಇನ್ನೊಂದು ಅವಕಾಶ ಕೊಡ್ರಿ. ಈಸ್ಟರ್ ಹಬ್ಬದ ನಾಟಕದಾಗ ಯೇಸುಸ್ವಾಮಿ ಸತ್ತು ಮತ್ತ ಎದ್ದು ಬರೂ ಮುಂದ ಸಮಾಧಿ ಬಾಗಿಲ ಕಲ್ಲು ಉರುಳಬೇಕಲ್ರಿ? ನಾ ಮಾಡಿಕೊಡ್ತೀನಿ. ಬಟನ್ ಒತ್ತಿದ್ರ ತಾನೇ ತೆರೀತದ!"

ಪಾಸ್ಟರರ ಮುಗುಳ್ನಗೆ ಹಾರಿಹೋಯಿತು. ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು:

"ಬ್ಯಾಡ್ರಿ ಮನ್ಸೂರಭಾಯಿ! ಅದು ಮೂರನೇ ದಿನಕ್ಕ ತಪ್ಪದಂಗ ತೆರೀಬೇಕು. ನಿಮ್ಮ ಕೈಗೆ ಕೊಟ್ರ ನಮ್ಮ ಧರ್ಮನೇ ಬಂದ್ ಆಗ್ತದ."